ಧೂಳನ್ನು ಮಲಗಿಸುವ ಗುಲಾಬಿ

ಬೆಳಗಿನ ನಾಲ್ಕೂಕಾಲು. ಬಂದರ್‌ನ ಗೋದಾಮು ಓಣಿಯಲ್ಲಿ ಬೀದಿದೀಪದ ಹಳದಿ ಬೆಳಕು ಮಂಜಿನೊಳಗೆ ಅರ್ಧ ಕರಗಿದೆ. ನದಿಯ ಕಡೆಯಿಂದ ಬೋಟಿನ ಇಂಜಿನ್ ಸದ್ದು ಬಂದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಆಮೇಲೆ ಕೇಳುವುದು ಸಣ್ಣ ಮಳೆಯಂಥ ಸದ್ದು. ನಾನು ತಲೆಯೆತ್ತಿ ಆಕಾಶ ನೋಡುತ್ತೇನೆ. ಪೆದ್ದುತನ, ಜನವರಿಯಲ್ಲಿ ಮಂಗಳೂರಿಗೆ ಎಲ್ಲಿಯ ಮಳೆ! ಓಣಿಯ ಆ ತುದಿಯಿಂದ ಹೆಂಗಸೊಬ್ಬರು ನಿಧಾನವಾಗಿ ನಡೆದು ಬರುತ್ತಿದ್ದಾರೆ. ಕೈಯಲ್ಲಿ ತಳಕ್ಕೆ ಮೊಳೆಯಿಂದ ತೂತು ಹೊಡೆದ ಹಳೆಯ ಎಣ್ಣೆ ಡಬ್ಬಿ. ಅವರು ಕಾಲಿಟ್ಟಲ್ಲೆಲ್ಲ ರಸ್ತೆ ಕಪ್ಪಾಗುತ್ತದೆ, ಒದ್ದೆ ಮಣ್ಣಿನ ವಾಸನೆ ಏಳುತ್ತದೆ. ನಾನಿನ್ನೂ ನಿದ್ದೆಯಲ್ಲೇ ಇದ್ದೇನೇನೋ ಎಂದು ಒಂದು ಕ್ಷಣ ಅನುಮಾನವಾಗುತ್ತದೆ.

"ಬದಿಗೆ ನಿಲ್ಲಿ ಮಾರಾಯ್ರೆ, ಚಪ್ಪಲಿ ಒದ್ದೆಯಾಗ್ತದೆ," ಎನ್ನುತ್ತಾರೆ ಗುಲಾಬಿ.

ಗುಲಾಬಿಗೆ ಐವತ್ತೆಂಟು. ಕುದ್ರೋಳಿಯ ಬಾಡಿಗೆ ಮನೆಯಿಂದ ನಡೆದು ಬಂದು ಇಪ್ಪತ್ತಮೂರು ವರ್ಷಗಳಿಂದ ಈ ಓಣಿ ಗುಡಿಸುತ್ತಿದ್ದಾರೆ. ಒಣಮೆಣಸು, ಕೊಪ್ಪರ, ಅಕ್ಕಿ, ಸಿಮೆಂಟು, ಎಲ್ಲದರ ಗೋದಾಮೂ ಇಲ್ಲೇ ಉಂಟು. ಲಾರಿಯಿಂದ ಇಳಿಯುವ ಪ್ರತಿ ಮೂಟೆಯೂ ಓಣಿಗೆ ಒಂದು ಹಿಡಿ ಧೂಳು ಕೊಟ್ಟೇ ಒಳಗೆ ಹೋಗುತ್ತದೆ. ಒಣ ನೆಲವನ್ನು ಕಡ್ಡಿ ಹಿಡಿಸೂಡಿಯಿಂದ ಗುಡಿಸಿದರೆ ಆ ಧೂಳೆಲ್ಲ ಎದ್ದು ಆಳೆತ್ತರಕ್ಕೆ ನಿಲ್ಲುತ್ತದೆ. ಅದಕ್ಕೇ ಗುಲಾಬಿ ಮೊದಲು ನೀರು ಚಿಮುಕಿಸುತ್ತಾರೆ, ಹತ್ತು ನಿಮಿಷ ಕಾಯುತ್ತಾರೆ, ಆಮೇಲೆ ಗುಡಿಸುತ್ತಾರೆ. ದಿನಕ್ಕೆ ಹದಿನೆಂಟು ಡಬ್ಬಿ ನೀರು. ಎಲ್ಲವೂ ಓಣಿಯ ಮಸೀದಿಯ ಗೋಡೆ ಪಕ್ಕದ ಡ್ರಮ್ಮಿನದ್ದು. ನಮಾಝಿಗೆ ಮೊದಲು ಕೈಕಾಲು ತೊಳೆದ ನೀರು ಚರಂಡಿಗೆ ಹೋಗುತ್ತಿತ್ತು. ಮಸೀದಿ ಕಮಿಟಿಯ ನೂರ್ ಮುಹಮ್ಮದ್ ಒಂದು ಪೈಪ್ ಹಾಕಿಸಿ ಅದನ್ನು ಡ್ರಮ್ಮಿಗೆ ತಿರುಗಿಸಿಕೊಟ್ಟಿದ್ದಾರೆ.

"ಮಳೆಗಾಲದಲ್ಲಿ ನನಗೆ ಅರ್ಧ ರಜೆ. ನೀರು ಹಾಕುವವ ಮೇಲೆ ಇದ್ದಾನಲ್ಲ," ಎಂದು ನಗುತ್ತಾರೆ. ನಗು ಮುಗಿಯುವ ಮೊದಲೇ ಕೆಮ್ಮು ಬರುತ್ತದೆ. ಸೆರಗಿನಿಂದ ಬಾಯಿ ಒರೆಸಿಕೊಂಡು ಡಬ್ಬಿ ತುಂಬಿಸಲು ಹೋಗುತ್ತಾರೆ.

ಈ ನೀರಿನ ಕೆಲಸಕ್ಕೆ ವಯಸ್ಸು ನಾಲ್ಕೇ ವರ್ಷ. ಅದಕ್ಕೂ ಮೊದಲು ಗುಲಾಬಿ ಮಾಡುತ್ತಿದ್ದುದು ಬೆಂಕಿಯ ಕೆಲಸ. ಗುಡಿಸಿದ ಎಲೆ, ಹರಿದ ಗೋಣಿ, ಪ್ಲಾಸ್ಟಿಕ್ ಚೀಲ, ಎಲ್ಲವನ್ನೂ ಕೊಪ್ಪರ ಗೋದಾಮಿನ ಜಗಲಿಯೆದುರು ರಾಶಿ ಹಾಕಿ ಕಡ್ಡಿ ಗೀರುವುದು. ಧನು ತಿಂಗಳ ಇಬ್ಬನಿಯಲ್ಲಿ ಮುದುಕರೆಲ್ಲ ಅದರ ಸುತ್ತ ಅಂಗೈ ಕಾಯಿಸುತ್ತ ಕೂರುತ್ತಿದ್ದರು. ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಉಮರಬ್ಬ, ಮೂವತ್ತೆಂಟು ವರ್ಷ ಇದೇ ಓಣಿಯಲ್ಲಿ ಅಕ್ಕಿ ವ್ಯಾಪಾರ ಮಾಡಿ ಅಂಗಡಿಯನ್ನು ಅಳಿಯ ಶಫೀಕ್‌ಗೆ ಬಿಟ್ಟುಕೊಟ್ಟವರು. ಬೆಂಕಿಪೆಟ್ಟಿಗೆಯೂ ಅವರದ್ದೇ. "ಹೊಗೆ ಹಾಕು ಗುಲಾಬಿ, ಸೊಳ್ಳೆ ಓಡಲಿ, ಕಫವೂ ಕರಗಲಿ," ಎನ್ನುತ್ತಿದ್ದರಂತೆ. ಹೊಗೆ ಎದೆಗೆ ಒಳ್ಳೆಯದೆಂದು ಇಡೀ ಓಣಿಯೇ ನಂಬಿತ್ತು.

ಒಂದು ಬೆಳಿಗ್ಗೆ ಆ ರಾಶಿಯ ಪಕ್ಕದಲ್ಲೇ ಉಮರಬ್ಬ ಎದೆ ಹಿಡಿದುಕೊಂಡು ಕುಸಿದರು. ಆಟೋದ ಇಲ್ಯಾಸ್ ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಹೃದಯದ ರಕ್ತನಾಳ ಕಟ್ಟಿತ್ತು, ಶ್ವಾಸಕೋಶವೂ ಸೋತಿತ್ತು. ಬೀಡಿ ಎಷ್ಟು ಸೇದ್ತೀರಿ ಎಂದು ಕೇಳಿದರು ವೈದ್ಯೆ ನಾಝಿಮಾ. ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ ಉಮರಬ್ಬ! ಕೇಳುತ್ತ ಕೇಳುತ್ತ ಬೆಳಗಿನ ಹೊಗೆಯ ಕಥೆ ಹೊರಬಂತು.

"ಅವರ ರೋಗಕ್ಕೆ ಹೊಗೆ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ," ಎನ್ನುತ್ತಾರೆ ಡಾ. ನಾಝಿಮಾ. "ಸಕ್ಕರೆ ಕಾಯಿಲೆ ಉಂಟು, ಬಿ.ಪಿ. ಉಂಟು. ಆದರೆ ಪ್ರಾಯ ಆದವರ ಎದೆಗೆ ಹೊಗೆ, ಧೂಳು ದೊಡ್ಡ ಹೊರೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಶ್ವಾಸಕೋಶದ ತಳಕ್ಕೆ ಹೋಗ್ತದೆ, ಅಲ್ಲಿಂದ ರಕ್ತಕ್ಕೂ ಇಳೀತದೆ. ಶ್ವಾಸಕೋಶ ಸೋತರೆ ಹೃದಯ ಡಬಲ್ ಡ್ಯೂಟಿ ಮಾಡ್ಬೇಕು. ನಡೀಬೇಡಿ ಅಂತ ನಾನು ಹೇಳ್ಲಿಕ್ಕಿಲ್ಲ, ನಡೆದರೆ ಒಳ್ಳೆಯದೇ. ಎಂತ ಗಾಳಿಯಲ್ಲಿ ನಡೀತಾರೆ, ಅದು ಮುಖ್ಯ."

ಗುಲಾಬಿ ಆಸ್ಪತ್ರೆಗೆ ಹೋಗಿದ್ದರು. ವಾರ್ಡಿನೊಳಗೆ ಹೋಗುವ ಧೈರ್ಯ ಸಾಲದೆ ಮೆಟ್ಟಿಲಲ್ಲಿ ನಿಂತು ಅತ್ತರು. ಉಮರಬ್ಬರ ಮಡದಿ ಸುಹರಾ ಹೊರಗೆ ಬಂದು ಅವರ ಕೈ ಹಿಡಿದುಕೊಂಡರು. "ನೀನ್ಯಾಕೆ ಅಳ್ತೀಯ? ಬೆಂಕಿಪೆಟ್ಟಿಗೆ ನಮ್ಮ ಮನೆಯದ್ದು," ಎಂದರು. ಮರುದಿನದಿಂದ ರಾಶಿಗೆ ಬೆಂಕಿ ಬೀಳಲಿಲ್ಲ. ಎಲೆ ಗೋಣಿಗೆ ಹೋಯಿತು, ಡಬ್ಬಿಗೆ ತೂತು ಬಿತ್ತು.

ಉಮರಬ್ಬರಿಗೆ ಈಗ ಎಪ್ಪತ್ತಾರು. ಮನೆಯಿಂದ ಮಸೀದಿಗೆ ಇನ್ನೂರೈವತ್ತು ಹೆಜ್ಜೆ. ಮನೆಯಲ್ಲೇ ನಮಾಝ್ ಮಾಡಿ ಎಂದರೆ ಕೇಳುವುದಿಲ್ಲ, ಕಾರಿನಲ್ಲಿ ಬಿಡುತ್ತೇನೆ ಎಂದು ಶಫೀಕ್ ಹೇಳಿದರೆ ಸಿಡುಕುತ್ತಾರೆ. ಅಷ್ಟು ದೂರ ಕಾಲಲ್ಲಿ ನಡೆಯಲಾಗದ ದಿನ ತನ್ನ ಕಥೆ ಮುಗಿಯಿತೆಂದು ಅವರ ತೀರ್ಮಾನ. ಹಾಗಾಗಿ ಗುಲಾಬಿಗೆ ಗಾಳಿ ಅಳೆಯುವ ಯಂತ್ರವೇ ಬೇಡ. ಉಮರಬ್ಬ ದಾರಿಯಲ್ಲಿ ಎಷ್ಟು ಸಲ ದಮ್ಮು ತೆಗೆದುಕೊಳ್ಳಲು ನಿಲ್ಲುತ್ತಾರೆ ಎಂದು ಎಣಿಸುತ್ತಾರೆ. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಏಳು ಸಲ, ಆಮೇಲೆ ನಾಲ್ಕು, ಕಳೆದ ವರ್ಷ ಎರಡು. "ಔಷಧ ಡಾಕ್ಟ್ರಮ್ಮನದ್ದು. ನನ್ನದು ನೀರು ಮಾತ್ರ," ಎನ್ನುತ್ತಾರೆ.

ಕಳೆದ ತಿಂಗಳು ಆ ನೀರಿಗೇ ಕುತ್ತು ಬಂತು. ಪಕ್ಕದ ಓಣಿಯ ಕೆಲಸವೂ ಗುಲಾಬಿಯ ತಲೆಗೆ ಬಿತ್ತು. ಡ್ಯೂಟಿ ಐದಕ್ಕೆ ಶುರು, ಎರಡೂ ಓಣಿ ಆರೂವರೆಗೆ ಮುಗಿಯಬೇಕು, ನೀರಿನ ಆಟವೆಲ್ಲ ಬಿಡು ಎಂದ ಗುಡಿಸುವವರ ಉಸ್ತುವಾರಿ ನೋಡುವ ಮೇಸ್ತ್ರಿ. ಗುಲಾಬಿ ಬಿಟ್ಟರು. ಮೊದಲ ದಿನ ಉಮರಬ್ಬ ಐದು ಸಲ ನಿಂತರು. ಎರಡನೆಯ ದಿನ ಅರ್ಧ ದಾರಿಯಿಂದ ಹಿಂದೆ ತಿರುಗಿದರು. ಮೂರನೆಯ ದಿನ ಅವರ ಮನೆಯ ಬಾಗಿಲೇ ತೆರೆಯಲಿಲ್ಲ.

"ಆ ಮುಚ್ಚಿದ ಬಾಗಿಲು ನೋಡಿ ನನಗೆ ಆಸ್ಪತ್ರೆಯ ಮೆಟ್ಟಿಲು ನೆನಪಾಯ್ತು," ಎನ್ನುತ್ತಾರೆ ಗುಲಾಬಿ. "ಇನ್ನೊಂದು ಸಲ ನನ್ನಿಂದ ಹಾಗಾಗುವುದು ಬೇಡ ಅಂತ ಅನ್ನಿಸಿತು. ಮರುದಿನ ನಾಲ್ಕಕ್ಕೇ ಬಂದೆ. ಐದರ ನಂತರದ ಹೊತ್ತು ಮೇಸ್ತ್ರಿಯದ್ದು. ಐದರ ಮೊದಲಿನದ್ದು ನನ್ನದಲ್ವಾ? ಅದರಲ್ಲಿ ನಾನು ನೀರಾದರೂ ಹಾಕ್ತೇನೆ, ಡ್ಯಾನ್ಸಾದರೂ ಮಾಡ್ತೇನೆ."

ಈ ಹೆಂಗಸಿನ ಹಟ ಕಂಡು ನನಗೆ ನಗು ಬರುತ್ತದೆ. ಆದರೆ ಇವರ ಎದೆಯೂ ಗಟ್ಟಿಯೇನಲ್ಲ. ಸುಹರಾ ಬಲವಂತ ಮಾಡಿ ಒಮ್ಮೆ ಡಾ. ನಾಝಿಮಾರ ಬಳಿಗೆ ಕರೆದುಕೊಂಡು ಹೋಗಿದ್ದರು. ಉಸಿರಿನ ಬಲ ಅಳೆಯುವ ಊದುವ ಪರೀಕ್ಷೆಯಲ್ಲಿ ಮುಳ್ಳು ಅರ್ಧಕ್ಕಿಂತ ಸ್ವಲ್ಪವೇ ಮೇಲೇರಿ ನಿಂತುಬಿಟ್ಟಿತು. ಅಂದಿನಿಂದ ಮೂಗಿಗೆ ಮಾಸ್ಕ್ ಬಂದಿದೆ. ಆದರೂ ಲಾರಿಗಳು ಸಾಲಾಗಿ ನಿಂತು ಇಂಜಿನ್ ಚಾಲೂ ಇಟ್ಟುಕೊಂಡಾಗ ಗುಲಾಬಿ ಡಬ್ಬಿ ಕೆಳಗಿಡುತ್ತಾರೆ. "ಲಾರಿಯ ಹೊಗೆಗೆ ಹಾಕುವಂಥ ನೀರು ನನ್ನ ಹತ್ತಿರ ಇಲ್ಲ," ಎನ್ನುತ್ತಾರೆ.

ಆಝಾನ್ ಕೇಳಿಸುತ್ತದೆ. ಮಂಜಿನೊಳಗೆ ಎಲ್ಲಿಂದ ಬಂತೆಂದು ತಿಳಿಯದಂತೆ ಆ ಸ್ವರ ಹಂಚುಗಳ ಮೇಲೆ ಹರಡುತ್ತದೆ. ಒದ್ದೆ ರಸ್ತೆಯಲ್ಲಿ ದೀಪಗಳು ತಲೆಕೆಳಗಾಗಿ ಹೊಳೆಯುತ್ತಿವೆ. ಬಾಗಿಲು ತೆರೆದು ಉಮರಬ್ಬ ಇಳಿಯುತ್ತಾರೆ, ಬಿಳಿ ಪಂಚೆ, ಬಿಳಿ ಟೊಪ್ಪಿ, ನೀರಿನ ಮೇಲೆ ನಡೆಯುವವರ ಹಾಗೆ ಜಾಗ್ರತೆಯ ಹೆಜ್ಜೆ. ಗುಲಾಬಿ ಗೋಡೆಗೆ ಒರಗಿ ನಿಲ್ಲುತ್ತಾರೆ. ತುಟಿ ಅಲುಗುತ್ತಿದೆ, ಎಣಿಸುತ್ತಿದ್ದಾರೆ. ಸಿಮೆಂಟ್ ಗೋದಾಮು ದಾಟಿತು. ಮೆಣಸಿನ ಗೋದಾಮೂ ದಾಟಿತು. ಕೊಪ್ಪರದ ಜಗಲಿಯೆದುರು ಉಮರಬ್ಬ ನಿಂತುಬಿಟ್ಟರು.

"ಇವರು ಯಾರು ಗುಲಾಬಿ? ಪೇಪರಿನವರಾ? ಇವಳ ಬಾಯಿ ಬಗ್ಗೆಯೂ ಬರೀರಿ, ಒಂದು ಪುಟ ಸಾಕಾಗ್ಲಿಕ್ಕಿಲ್ಲ!" ಎಂದು ನಕ್ಕು ಮುಂದೆ ನಡೆಯುತ್ತಾರೆ.

"ಅದು ಲೆಕ್ಕಕ್ಕಿಲ್ಲ," ಎಂದು ಗುಲಾಬಿ ನನ್ನ ಕಿವಿಯಲ್ಲಿ ಹೇಳುತ್ತಾರೆ. "ದಮ್ಮಿಗೆ ನಿಂತದ್ದಲ್ಲ, ಮಾತಿಗೆ ನಿಂತದ್ದು."

ಮಸೀದಿಯ ಮೆಟ್ಟಿಲು ಹತ್ತಿ ಉಮರಬ್ಬ ಒಮ್ಮೆ ತಿರುಗುತ್ತಾರೆ. ಎದೆ ತುಂಬ ಉಸಿರೆಳೆದುಕೊಂಡು ಕೂಗಿ ಹೇಳುತ್ತಾರೆ: "ಇವತ್ತು ಗಾಳಿ ಒಳ್ಳೆದುಂಟು ಗುಲಾಬಿ. ಕಡಲಿನ ಗಾಳಿ!"

"ಹೌದು ಸಾಹೇಬ್ರೇ, ಕಡಲಿನದ್ದೇ," ಎನ್ನುತ್ತಾರೆ ಗುಲಾಬಿ.

ಉಮರಬ್ಬ ಒಳಗೆ ಹೋದ ಮೇಲೆ ಗುಲಾಬಿ ನನ್ನತ್ತ ತಿರುಗಿ ಕೈ ಮುಗಿಯುತ್ತಾರೆ. "ನಾಲ್ಕಕ್ಕೆ ಬರುವ ವಿಷಯ ಬರೀಬೇಡಿ. ಸಾಹೇಬ್ರಿಗೆ ಗೊತ್ತಿಲ್ಲ. ತನಗೋಸ್ಕರ ಒಬ್ಬಳು ನಿದ್ದೆ ಬಿಡ್ತಾಳೆ ಅಂತ ಗೊತ್ತಾದರೆ ನಾಳೆಯಿಂದ ಮನೆಯಲ್ಲೇ ಕೂತಾರು."

ಅದನ್ನೇ ಬರೆಯಬೇಡಿ ಎಂದರೆ ನಾನು ಬರೆಯುವುದಾದರೂ ಏನನ್ನು? ಗಂಡನ ಹಿಂದೆ ಜಗಲಿಯವರೆಗೆ ಬಂದು ಕೇಳಿಸಿಕೊಳ್ಳುತ್ತಿದ್ದ ಸುಹರಾ ನನ್ನ ಪೇಚಾಟ ನೋಡಿ ಸಮಾಧಾನ ಮಾಡುತ್ತಾರೆ. "ನೀವು ಬರೀರಿ. ನಮ್ಮ ಯಜಮಾನರಿಗೆ ಕಣ್ಣು ಸಾಲದು. ಆದಿತ್ಯವಾರದ ಪೇಪರ್ ಓದಿ ಹೇಳುವುದು ನಾನು. ಆ ಸಾಲು ಬಿಟ್ಟು ಓದ್ತೇನೆ."

ಹಾಗಾದರೆ ನೀವು ಮಾಡಿದ್ದು ಅವರಿಗೆ ಯಾವತ್ತೂ ತಿಳಿಯುವುದೇ ಇಲ್ಲವಲ್ಲ, ಬೇಸರವಿಲ್ಲವೇ ಎಂದು ಗುಲಾಬಿಯನ್ನು ಕೇಳುತ್ತೇನೆ. ಅವರು ಹಿಡಿಸೂಡಿ ಎತ್ತಿಕೊಂಡು, ಕಡ್ಡಿಗಳನ್ನು ಅಂಗೈಗೆ ಒಮ್ಮೆ ಕುಟ್ಟಿ ಸಮ ಮಾಡಿಕೊಳ್ಳುತ್ತಾರೆ.

"ಗಾಳಿ ಒಳ್ಳೆದುಂಟು ಅಂದ್ರಲ್ಲ," ಎನ್ನುತ್ತಾರೆ. "ನನ್ನನ್ನೇ ಹೇಳಿದ ಹಾಗಾಯ್ತು."