ನುಣುಪು ಮೇಸ್ತ್ರಿಯ ಮೂರು ಗುಳಿ

ಮೇಸ್ತ್ರಿಗೆ ‘ನುಣುಪು ಮೇಸ್ತ್ರಿ’ ಎಂಬ ಹೆಸರು ಬಿದ್ದು ಮೂವತ್ತು ವರ್ಷವಾಗಿತ್ತು. ಅವನು ಕರಣೆ ಆಡಿಸಿದ ಸಿಮೆಂಟಿನ ಮೇಲೆ ಇರುವೆಯೂ ಜಾರಿಬಿದ್ದೀತು ಎಂದು ಜೊತೆಯವರು ರೇಗಿಸುತ್ತಿದ್ದರು. ಹೊಗಳಿದರೆ ಉಬ್ಬಿಹೋಗುವ ಆಸಾಮಿ. ಕೆಲಸ ಮುಗಿದಾಗ ತನ್ನ ಸೊಟ್ಟ ಹೆಬ್ಬೆರಳಿನಿಂದ ಹಸಿ ಸಿಮೆಂಟಿನ ಮೂಲೆಯಲ್ಲಿ ಮೂರು ಗುಳಿ ಒತ್ತದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಈಗ ನಗರಸಭೆಗೆ ಬುದ್ಧಿ ಬಂದಿತ್ತು. ಮಳೆ ಹೊಯ್ದರೆ ಬೀದಿಯೆಲ್ಲ ಕೆರೆ, ನೆಲದೊಳಗೆ ಮಾತ್ರ ಹನಿ ಇಳಿಯದು. ಆದ್ದರಿಂದ ಫುಟ್‌ಪಾತಿನ ಮರಗಳ ಬುಡದ ಸಿಮೆಂಟು ಒಡೆಯಬೇಕೆಂದು ಹೊಸ ಯೋಜನೆ. ಅದರ ಇಂಜಿನಿಯರಮ್ಮ, ಮೇಸ್ತ್ರಿಯ ಮಗಳ ವಯಸ್ಸಿನವಳು, ಅನುಭವಸ್ಥರು ಬೇಕೆಂದು ಅವನನ್ನೇ ಕರೆಸಿ ಆಳುಗಳ ಮೇಲ್ವಿಚಾರಣೆಗೆ ನಿಲ್ಲಿಸಿದ್ದಳು.

ಬೀದಿಯ ಮೊದಲ ಮರದ ಮುಂದೆಯೇ ಮೇಸ್ತ್ರಿ ನಿಂತುಬಿಟ್ಟ. ಹಿಂದೆ ಅವನು ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದ ಮರ, ಒಣಗಿ ಕಟ್ಟಿಗೆಯಾಗಿತ್ತು. ಇಂಜಿನಿಯರಮ್ಮ ಬುಡವನ್ನು ಸವರಿ ನೋಡಿದಳು.

“ಬೆರಳು ತೂರೋಷ್ಟೂ ಜಾಗ ಬಿಟ್ಟಿಲ್ಲ. ಕತ್ತು ಹಿಸುಕಿ ಸಾಯಿಸಿದ್ದಾರೆ. ಯಾವ ಪುಣ್ಯಾತ್ಮ ಮಾಡಿದ್ದೋ.”

ಪುಣ್ಯಾತ್ಮನ ಚಪ್ಪಲಿ ಆಗಲೇ ಮೂಲೆಯ ಮೂರು ಗುಳಿಗಳ ಮೇಲಿತ್ತು.

ಅವಳು ಫೋನು ಹಿಡಿದು ಅತ್ತ ಹೋದದ್ದೇ ತಡ, ಅವನು ಹಾರೆ ತಗೊಂಡು ಮೊದಲು ಆ ಮೂಲೆಯನ್ನೇ ಪುಡಿಪುಡಿ ಮಾಡಿದ. ಮೇಲಿನವರ ತಲೆಗೆ ಕಟ್ಟಿ ಜಾರಿಕೊಳ್ಳುವಂತೆಯೂ ಇರಲಿಲ್ಲ. ಸುತ್ತ ಒಂದು ಮೊಳ ಮಣ್ಣು ಬಿಡಿ ಎಂದೇ ಅವರು ಆಗ ಹೇಳಿದ್ದರು. ಅಂದ ಕೆಡುತ್ತದೆಂದು ಬುಡದವರೆಗೂ ಸಿಮೆಂಟು ಎಳೆದವನು ಇವನೇ.

ಊಟದ ಹೊತ್ತಿಗೆ ತಡೆಯಲಾಗಲಿಲ್ಲ. ಆಳುಗಳ ಎದುರೇ ಹೇಳಿಬಿಟ್ಟ.

“ಅದು ನನ್ನ ಕೈಕೆಲಸಾನೇ, ಅಮ್ಮ.”

ಅವಳು ನಕ್ಕಳು. “ಯಾರದೋ ತಪ್ಪನ್ನ ತಲೆ ಮೇಲೆ ಹೊತ್ಕೋಬೇಡಿ ಮೇಸ್ತ್ರಿಗಳೇ. ನಿಮ್ಮಂಥವರು ಹೀಗೆ ಮಾಡ್ತಾರಾ?”

ದೊಡ್ಡ ಮನಸ್ಸೆಂದರೆ ಇದು ಎಂದು ಆಳುಗಳಿಗೂ ಹೇಳಿದಳು. ಎಲ್ಲರೂ ತಲೆದೂಗಿದರು. ಹೊಗಳಿಕೆಗೆ ಉಬ್ಬುತ್ತಿದ್ದ ಮನುಷ್ಯನಿಗೆ ಅವತ್ತು ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತೋರಿಸೋಣವೆಂದರೆ ಗುರುತು ಪುಡಿಯಾಗಿ ಬುಟ್ಟಿ ಸೇರಿತ್ತು.

ಎರಡನೆಯ ಮರದ ಒಂದು ಕೊಂಬೆಯಲ್ಲಿ ಇನ್ನೂ ಎಲೆಗಳಿದ್ದವು. ಮೇಸ್ತ್ರಿ ಅದರ ಬುಡದ ಮೂಲೆಯ ಧೂಳನ್ನು ಹೆಗಲ ಟವೆಲಿನಿಂದ ಒರೆಸಿದ. ಆಳೊಬ್ಬ ಹಾರೆ ಎತ್ತಿದಾಗ ಕೈ ಅಡ್ಡ ಹಿಡಿದ. ಇಂಜಿನಿಯರಮ್ಮ ನಗುತ್ತಲೇ ಬಂದಳು. ಅವನು ಮಂಡಿಯೂರಿ ಸೊಟ್ಟ ಹೆಬ್ಬೆರಳನ್ನು ಮೊದಲ ಗುಳಿಯಲ್ಲಿಟ್ಟ, ಎರಡನೆಯದರಲ್ಲಿಟ್ಟ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳ ನಗು ನಿಂತಿತ್ತು.