ನಕಾಶೆಯ ಕಾಡಿನಲ್ಲಿ ಅಪ್ಪ

ಭಾನುವಾರ ಮಧ್ಯಾಹ್ನ ಅವಲಪಲ್ಲಿಯ ನಮ್ಮ ಮನೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಆಟ ಆಡುತ್ತೇವೆ. ಎಲ್ಲೂ ಇಲ್ಲದ ಒಂದು ನಾಡನ್ನು ನಾನು ಕಟ್ಟಿ ಹೇಳುತ್ತೇನೆ. ಉಳಿದ ಮೂವರು ಅದರೊಳಗೆ ಕಳ್ಳರೋ ವೈದ್ಯರೋ ಆಗಿ ಅಲೆಯುತ್ತಾರೆ. ಗೆದ್ದರೋ ಬಿದ್ದರೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಮೇಜಿನ ಮುಂದೆ ಒಮ್ಮೆ ಬಾಯಿಬಿಟ್ಟು ಹೇಳಿದ್ದು ಆ ನಾಡಿನಲ್ಲಿ ನಿಜ, ಆಮೇಲೆ ತಿದ್ದುವಂತಿಲ್ಲ. ಈ ನಿಯಮ ಮಾಡಿದ್ದೂ ನಾನೇ.

ನದಿಗಳನ್ನೂ ರಾಜಮನೆತನಗಳನ್ನೂ ಸುಲಭವಾಗಿ ಹುಟ್ಟಿಸಿದೆ. ಕಾಡಿನ ಸರದಿ ಬಂದಾಗ ಕಲ್ಪನೆ ಸಾಲಲಿಲ್ಲವೋ, ಬರೀ ಸೋಮಾರಿತನವೋ, ನನ್ನದೇ ನೆನಪೊಂದನ್ನು ಎತ್ತಿ ಅಲ್ಲಿಟ್ಟೆ. ಅಮ್ಮನ ಊರು ನಾಟ್ರಾಂಪಾಳ್ಯ. ಅಲ್ಲಿ ಕಾಡಿಗೆ ಹೋಗುವವರು ಕಾಲುದಾರಿ ಶುರುವಾಗುವ ಕಡೆ ಒಂದು ಹಿಡಿ ಸೊಪ್ಪು ಮುರಿದು ಅಲ್ಲಿದ್ದ ಸೊಪ್ಪಿನ ಗುಡ್ಡೆಗೆ ಹಾಕಿ ಮುಂದೆ ನಡೆಯುತ್ತಿದ್ದರು. ಕಾಡಿನ ದೇವರಿಗೆ ಅಷ್ಟೇ ಪೂಜೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿ ನಿಂತು ಕೈಗೊಂದು ರೆಂಬೆ ಕೊಟ್ಟರು. ನಾನು ಮೇಲಿನಿಂದಲೇ ಎಸೆದೆ. ಆಮೇಲೆ ತಣ್ಣನೆಯ ಕಾಡು.

ನಾನು ಶಾಲೆಗೆ ಸೇರುವ ಮೊದಲೇ ಅಪ್ಪ ತೀರಿಕೊಂಡರು. ಅವರದೆಂದು ನನ್ನಲ್ಲಿರುವ ನೆನಪು ಇದೊಂದೇ. ಹಾಗಾಗಿ ಆಟದ ಕಾಡಿನಂಚಿಗೆ ದಾರಿ ತೋರಿಸುವವನೊಬ್ಬನನ್ನು ನಿಲ್ಲಿಸಿದೆ. ಎತ್ತರದ ಆಳು, ಮಾತು ಕಡಿಮೆ. ವಾರವಾರವೂ ಅವನಿಗೆ ಒಂದೊಂದು ಸೇರುತ್ತಾ ಹೋಯಿತು: ಬೀಡಿಯ ವಾಸನೆ, ಕೈಯಲ್ಲಿ ತಾಮ್ರದ ಕಡಗ. ಕೊನೆಗೆ ಆ ಕಡಗ ಅಪ್ಪನದೋ ಆಟದ್ದೋ ನನಗೇ ತಿಳಿಯದಾಯಿತು. ಇರುವ ಒಂದು ನೆನಪನ್ನೂ ಆಟ ತಿಂದುಹಾಕುತ್ತಿದೆ ಎಂದು ದಿಗಿಲಾಯಿತು.

ಅಷ್ಟರಲ್ಲಿ ಊರಿನಿಂದ ಸೋದರಮಾವ ಅವರೆಕಾಯಿ ಚೀಲ ಹೊತ್ತು ಬಂದರು. ಮೇಜಿನ ಮೇಲೆ ನಾನು ಬರೆದಿಟ್ಟಿದ್ದ ಆಟದ ನಾಡಿನ ನಕಾಶೆಯನ್ನು ಬಗ್ಗಿ ನೋಡಿದರು.

“ಏನ್ಲಾ ಇದು, ಲೇಔಟ್ ಮಾಡ್ತಿದೀಯಾ? ಸೆಂಟು ಜಾಗ ಎಷ್ಟಕ್ಕೆ ಹೇಳ್ತಾವ್ರೆ?”

“ಆಟ ಮಾವ. ಇದು ಸುಳ್ಳು ಊರು.”

“ಈಗ ಹಾಕೋ ಲೇಔಟೆಲ್ಲಾ ಸುಳ್ಳೂರೇ ಬುಡು. ರೋಡು ಪೇಪರ್‌ನಾಗೇ ಇರ್ತದೆ.”

ಕಡಗದ ವಿಷಯ ತಿಳಿದುಕೊಳ್ಳಲು ಇವರೇ ಸರಿ ಅನ್ನಿಸಿತು. “ಅಪ್ಪ ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಕಾಡಿಗೆ ಹೋದಾಗ, ಅವರ ಕೈಯಲ್ಲಿ ಕಡಗ ಇತ್ತಾ ಮಾವ?”

“ನಿಮ್ಮಪ್ಪ? ಕಾಡ್ಗೆ?” ಮಾವ ನಕ್ಕುಬಿಟ್ಟರು. “ಆನೆ ಅಂದ್ರೆ ನಡುಗೋನು ಆವಯ್ಯ. ಸೊಪ್ಪು ಹಾಕ್ಬುಟ್ಟು ಅಲ್ಲೇ ಕಲ್ಲು ಮ್ಯಾಲೆ ಕುಂತ್ಕತಿದ್ದ, ನಮ್ ಚೀಲ ಎಲ್ಲಾ ಕಾಯ್ಕಂಡು. ನಿನ್ನ ಹೊತ್ಕಂಡ್ ಹೋಗಿದ್ದು ನಾನ್ ಕಣ್ಲಾ. ಕತ್ತು ಇವತ್ಗೂ ನೋಯ್ತದೆ.”

ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ನಾನೂ ಮರ್ತಿರ್ಬೋದು ಬುಡು. ವಯಸ್ಸಾತು.”

ಅವರು ಮರೆತಿರಲಿಲ್ಲ. ಹಾಗೆಂದು ನನಗನ್ನಿಸುತ್ತದೆ. ಹೆಗಲ ಮೇಲೆ ಕೂತವನಿಗೆ ಹೊತ್ತವರ ಮುಖ ಕಾಣುವುದಿಲ್ಲ. ಖಾಲಿ ಬಿದ್ದಿದ್ದ ಆ ಜಾಗಕ್ಕೆ ಗೋಡೆಯ ಫೋಟೋದಲ್ಲಿದ್ದ ಮುಖವನ್ನು ಯಾವಾಗಲೋ ಅಂಟಿಸಿರಬೇಕು. ಆಟ ನನ್ನ ನೆನಪನ್ನು ಕೆಡಿಸಿತೆಂದು ಹೆದರಿದ್ದೆ. ಅಲ್ಲಿ ಕೆಡಲು ಮೊದಲಿಗೆ ಏನಾದರೂ ಇತ್ತೇ?

ಮುಂದಿನ ಭಾನುವಾರ, ದಾರಿ ತೋರಿಸುವವನನ್ನು ತೆಗೆದು ಬೇರೆ ಯಾರನ್ನಾದರೂ ಇಡೋಣವೇ ಎಂದು ಕೇಳಿದೆ. ಕಾರಣ ಹೇಳಲಿಲ್ಲ. ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡುವ ಗೆಳತಿ ಒಪ್ಪಲಿಲ್ಲ. “ಪಾಸಾದ ಮೇಲೆ ರಿಜೆಕ್ಟ್ ಮಾಡೋ ಹಂಗಿಲ್ಲ. ರೂಲು ನಿಂದೇ.”

ಆಟ ಮುಂದುವರಿಯಿತು. ಮೂವರೂ ಕಾಡಿನಂಚಿಗೆ ಬಂದರು. ದಾರಿ ತೋರಿಸುವವನು ಸೊಪ್ಪು ಹಾಕಿದ, ಅಲ್ಲೇ ಕಲ್ಲಿನ ಮೇಲೆ ಕೂತ. ನೀವು ಹೋಗಿ ಬನ್ನಿ, ಚೀಲ ನಾನು ನೋಡಿಕೊಳ್ಳುತ್ತೇನೆ ಎಂದ.

“ಒಳ್ಳೇ ಗೈಡ್ ಸಿಕ್ಕಿದ!” ಎಂದು ಒಬ್ಬ ತಲೆ ಚಚ್ಚಿಕೊಂಡ. ಗೆಳತಿ ಮಾತ್ರ ದಾರಿ ತೋರಿಸುವವನನ್ನೇ ಕೇಳಿದಳು: “ಭಯನಾ ಅಣ್ಣ?”

“ಹೂಂ” ಎಂದೆ, ಅವನ ಪರವಾಗಿ.

“ಸರಿ. ನಾವು ಬರೋ ತನಕ ಇಲ್ಲೇ ಇರ್ತೀರಾ?”

ಅವಳು ದಾಳ ಎತ್ತಿಕೊಂಡು, “ಹಾಕ್ಲಾ? ಬಂದಂಗೆ ನೋಡೋಣ” ಎಂದಳು.

“ಬೇಡ, ಇರ್ತಾರೆ” ಎಂದೆ.