ಅಜ್ಜಿಯ ತಾರಸಿ ಮೇಲಿನ ತಂತಿ

ನಾವು ನಗರದ ಅಂಚಿನ ಹೇರೋಹಳ್ಳಿಗೆ ಬಾಡಿಗೆಗೆ ಬಂದಾಗ ಅದಿನ್ನೂ ಪಂಚಾಯಿತಿ ಊರು. ಹೊಸ ಸೈಟುಗಳಲ್ಲಿ ಮನೆಗಳು ಏಳುತ್ತಿದ್ದವು, ಹಳೆಯ ಬೀದಿಗಳಲ್ಲಿ ಹಸುಗಳು ಮಲಗಿರುತ್ತಿದ್ದವು, ರಸ್ತೆಯ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಅತ್ತ ಬಸವೇಶ್ವರನಗರದಲ್ಲಿ ಮನೆಮನೆಗೂ ಬ್ರಾಡ್‌ಬ್ಯಾಂಡ್ ಬಂದಿತ್ತು. ನಮ್ಮಲ್ಲಿ ಮಾತ್ರ ಫೋನಿನ ಲೈನಿನಲ್ಲಿ ಬರುವ ಇಂಟರ್ನೆಟ್ಟು ಕುಂಯ್ ಕುಂಯ್ ಎಂದು ಅತ್ತು ಅತ್ತು ಸುಮ್ಮನಾಗುತ್ತಿತ್ತು.

ನನಗೆ ಅದು ಹೊತ್ತು ಕಳೆಯಲು ಬೇಕಿರಲಿಲ್ಲ. ಮಗು ಹುಟ್ಟುವ ಮೊದಲು ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಜೋಡಿಸುತ್ತಿದ್ದೆ. ಬಾಣಂತನ ಮುಗಿದ ಮೇಲೆ ಪ್ರೆಸ್ಸಿನ ಮಾಲೀಕರು, "ಮನೇಲೇ ಕೂತು ಮಾಡಮ್ಮ. ಆದ್ರೆ ಮಧ್ಯಾಹ್ನದೊಳಗೆ ಪುಟ ನನ್ ಕೈಲಿರ್ಬೇಕು. ಇಲ್ದಿದ್ರೆ ಬೇರೆಯವ್ರಿಗೆ ಕೊಟ್ಬಿಡ್ತೀನಿ," ಎಂದಿದ್ದರು. ದಿನವೂ ಮಗುವನ್ನು ಪಕ್ಕದ ಮನೆಯ ಅಜ್ಜಿಯ ಮಡಿಲಿಗೆ ಹಾಕಿ, ಸ್ಕೂಟರ್ ಹತ್ತಿ, ಬಸವೇಶ್ವರನಗರದ ಸೈಬರ್ ಸೆಂಟರಿಗೆ ಓಡುತ್ತಿದ್ದೆ. ಮಗುವಿಗೆ ಜ್ವರ ಬಂದ ದಿನ ಪುಟ ಹೋಗುತ್ತಿರಲಿಲ್ಲ. ಆ ಕೆಲಸವೊಂದನ್ನು ಬಿಟ್ಟರೆ ನನ್ನದು ಎಂದು ಹೇಳಿಕೊಳ್ಳಲು ಆಗ ನನ್ನಲ್ಲಿ ಏನೂ ಇರಲಿಲ್ಲ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಫೋನ್ ಆಫೀಸಿಗೆ ಹೋಗಿ ಕೇಳಿದೆ. "ಹೇರೋಹಳ್ಳೀನಾ? ಅದು ಹಳ್ಳಿ ಅಲ್ವಾ ಮೇಡಂ. ನೋಡೋಣ, ಬಂದ್ರೂ ಬರ್ಬಹುದು," ಎಂದ ಕೌಂಟರಿನವ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಆತ ಪಳಗಿದ ಕೈ. ನಾನು ನಾಲ್ಕು ಸಲ ಹೋದೆ, ನಾಲ್ಕು ಸಲವೂ ಅದೇ ದೀಪ.

ಕೊನೆಗೆ ಟೀವಿ ಕೇಬಲ್ ಹಾಕುವವನನ್ನೇ ಹಿಡಿದೆ. ಅವನು ತಲೆ ಕೆರೆದುಕೊಂಡು, "ಅಕ್ಕ, ನಿಮ್ಮೊಬ್ರಿಗೋಸ್ಕರ ಮೇನ್ ರೋಡಿಂದ ಲೈನ್ ಎಳೆಯೋಕಾಗಲ್ಲ. ಬೀದೀಲಿ ಹತ್ತು ಮನೆ ಸೇರಿಸಿ, ತಂದ್ಬಿಡ್ತೀನಿ," ಎಂದ. ಸರಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲು ಬಾಗಿಲು ತಟ್ಟಿದೆ. ಹಾವೇರಿ ಕಡೆಯಿಂದ ಓದಲು ಬಂದಿದ್ದ ಹುಡುಗರು ಕೂಡಲೇ ಒಪ್ಪಿದರು. ಒಬ್ಬರು ಜಾತಕ ನೋಡಬಹುದೇ ಎಂದು ಕೇಳಿದರು. ನೋಡಬಹುದು ಎಂದೆ. ಇನ್ನೊಬ್ಬರು ಅದರಿಂದ ಬೋರ್‌ವೆಲ್ ಮೋಟರು ಕರೆಂಟು ಹೆಚ್ಚು ಎಳೆಯುತ್ತದೆಯೇ ಎಂದರು. ಇಲ್ಲ ಎಂದೆ. ಅಂತೂ ಇಂತೂ ಹತ್ತು ಮನೆ ಆಯಿತು.

ಆದರೆ ತಂತಿ ಬರಬೇಕಾದದ್ದು ಅಜ್ಜಿಯ ತಾರಸಿ ದಾಟಿಕೊಂಡು. ಅಜ್ಜಿ ಅದೇ ಊರಿನವರು, ನಾವೂ ಸೇರಿದಂತೆ ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಇದ್ದದ್ದು ಅವರ ಬಾಡಿಗೆದಾರರೇ. ತಾರಸಿಯ ನಟ್ಟನಡುವೆ, ಕೆಳಗಿನ ದೇವರ ಮನೆಗೆ ಸರಿಯಾಗಿ, ಇಟ್ಟಿಗೆ ಜೋಡಿಸಿ ಚೌಕ ಮಾಡಿದ್ದರು. ದೇವರ ತಲೆಯ ಮೇಲೆ ಯಾರೂ ಕಾಲಿಡಬಾರದಲ್ಲ! ಕೇಬಲ್‌ನವನು ತಂತಿ ಹಿಡಿದು ಆ ಚೌಕದ ಮೇಲೇ ಹಾಯಿಸಲು ಹೊರಟ.

"ಅಯ್ಯೋ ಅಯ್ಯೋ, ತೆಗಿಯೋ ಅದ್ನ! ದೇವ್ರ ನೆತ್ತಿ ಮೇಲೆ ಎಳೀತೀಯಾ?"

ನನಗೆ ರೇಗಿತು. ಫೋನ್ ಆಫೀಸು ಸುತ್ತಿ, ಹತ್ತು ಮನೆ ಗೆದ್ದು, ಇಲ್ಲಿ ಬಂದು ಸೋಲುವುದೇ? "ಅಜ್ಜಿ, ನಾನು ಕೆಲಸ ಕಳ್ಕೊಂಡ್ರೆ ನಿಮ್ ದೇವ್ರಿಗೆ ಖುಷಿನಾ?" ಎಂದುಬಿಟ್ಟೆ. ಅಜ್ಜಿ, "ಬೇಡ ಅಂದ್ನೇನವ್ವ? ಸುತ್ತಾಕ್ಕೊಂಡು ಹೋಗು ಅಂದೆ," ಎಂದರು. ತಂತಿ ಪ್ಯಾರಪೆಟ್ ಗೋಡೆಯ ಬದಿಯಲ್ಲಿ, ಎರಡು ಪೈಪಿನ ನಡುವೆ, ಎದೆಯೆತ್ತರದಲ್ಲಿ ಬಂತು. ಮೂಲೆಯಲ್ಲಿ, ಮನೆಮನೆಗೆ ಲೈನ್ ಹಂಚುವ ಒಂದು ಡಬ್ಬಿ ಕೂತಿತು. ಆ ಸಂಜೆ ಕಳಿಸಿದ ಪುಟ ಕಣ್ಣು ಮಿಟುಕಿಸುವುದರೊಳಗೆ ರಾಜಾಜಿನಗರ ಸೇರಿತು. ನಾನು ಮಗುವನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಕುಣಿದೆ.

ನವರಾತ್ರಿ ಹತ್ತಿರ ಬಂದ ಹಾಗೆ ಶುರುವಾಯಿತು ಗ್ರಹಚಾರ. ಬೆಳಗ್ಗೆ ಚೆನ್ನಾಗಿದ್ದ ಇಂಟರ್ನೆಟ್ ಹತ್ತು ಗಂಟೆಯ ಹೊತ್ತಿಗೆ ಸತ್ತು, ಬಿಸಿಲು ಇಳಿದ ಮೇಲೆ ತಾನಾಗಿಯೇ ಬದುಕುತ್ತಿತ್ತು. ಕೇಬಲ್‌ನವನು ಬರುತ್ತಿದ್ದದ್ದು ಸಂಜೆ. "ಬರ್ತಾ ಇದೆಯಲ್ಲಕ್ಕ!" ಎಂದು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದ. ಪ್ರೆಸ್ಸಿನ ಮಾಲೀಕರು, "ಇನ್ನೊಂದ್ಸಲ ಹಿಂಗಾದ್ರೆ ಕಷ್ಟ ಕಣಮ್ಮ," ಎಂದರು.

ಮರುದಿನ ಮತ್ತೆ ನಿಂತಿತು. ಉರಿಯುತ್ತಾ ಅಜ್ಜಿಯ ತಾರಸಿ ಹತ್ತಿದೆ. ನೋಡುತ್ತೇನೆ, ಹಬ್ಬಕ್ಕೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆದು ಹಾಕಿದ್ದಾರೆ. ಬಾಡಿಗೆ ಮನೆಗಳ ಹೆಂಗಸರು ಬಟ್ಟೆ ಹಾಕುವ ಜಾಗಕ್ಕಾಗಿ ಸದಾ ಜಗಳವಾಡುತ್ತಿದ್ದ ಹಳೆಯ ಹಗ್ಗ ಖಾಲಿ ಬಿದ್ದಿದೆ. ನಮ್ಮ ಹೊಸ ತಂತಿಯ ಮೇಲೆ ಸಾಲಾಗಿ ರಗ್ಗು, ಜಮಖಾನ, ನಡುವೆ ಅಜ್ಜಿಯ ಒದ್ದೆ ಕಂಬಳಿ! ಭಾರಕ್ಕೆ ತಂತಿ ಜಗ್ಗಿ, ಡಬ್ಬಿಯೊಳಗಿನ ಪಿನ್ನು ಅರ್ಧ ಹೊರಗೆ ಬಂದಿತ್ತು. ಒಣಗಿದ ಬಟ್ಟೆ ತೆಗೆದಾಗ ಅದು ಮತ್ತೆ ಒಳಗೆ ಕೂರುತ್ತಿತ್ತು.

"ಒಳ್ಳೆ ಗಟ್ಟಿ ತಂತಿ ಕಣವ್ವ. ಆ ಕೇಬಲ್‌ನೋನು ಪುಣ್ಯಾತ್ಮ," ಎಂದರು ಅಜ್ಜಿ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಲ್ಲೇ ಕೂತು, "ಅಜ್ಜಿ, ನನ್ ಪುಟ ಪ್ರೆಸ್ಸಿಗೆ ಹೋಗೋದೇ ಈ ತಂತೀಲಿ. ನಿಮ್ ಕಂಬಳಿ ಅದರ ಕತ್ತು ಹಿಸುಕ್ತಾ ಇದೆ," ಎಂದೆ. ಅಜ್ಜಿ ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡರು. ನೀರು ಸೀರೆಯ ಮೇಲೆಲ್ಲ ಇಳಿಯಿತು. ಆಮೇಲೆ ಮಿಕ್ಕವರ ರಗ್ಗುಗಳನ್ನೂ ಒಂದೊಂದಾಗಿ ಎಳೆದು ಗೋಡೆಗೆ ಎಸೆದರು. ಅವತ್ತಿನ ಪುಟ ಹೊತ್ತಿಗೆ ಸರಿಯಾಗಿ ಹೋಯಿತು. ಆದರೆ ಬೀದಿಯ ಹೆಂಗಸರಿಗೆ ಎಷ್ಟು ದಿನ ಎಂದು ಹೇಳುವುದು? ಒಬ್ಬರಿಗೆ ಹೇಳಿದರೆ ಇನ್ನೊಬ್ಬರು ಹಾಕುತ್ತಿದ್ದರು.

ಆಯುಧಪೂಜೆಯ ಬೆಳಗ್ಗೆ ನಮ್ಮ ಸ್ಕೂಟರಿಗೆ ಕುಂಕುಮ ಹಚ್ಚುತ್ತಿದ್ದೆ. ಅಜ್ಜಿ ತಟ್ಟೆ ಹಿಡಿದು ಮೇಲೆ ಹತ್ತುತ್ತಿರುವುದು ಕಂಡು ಹಿಂದೆಯೇ ಹೋದೆ. ಡಬ್ಬಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು, ಕುಂಕುಮ ಇಟ್ಟರು, ತಂತಿಯ ಉದ್ದಕ್ಕೂ ಚೆಂಡು ಹೂವಿನ ಮಾಲೆ ಕಟ್ಟಿಸಿದರು, ಬೂದುಗುಂಬಳ ಒಡೆಸಿದರು. ಅಜ್ಜಿ ಮೇಲಕ್ಕೆ ಕರೆಸಿದ್ದ ಬೀದಿಯ ಹೆಂಗಸರೆಲ್ಲ ಕೈಮುಗಿದು ಮಂಗಳಾರತಿ ತಗೊಂಡರು.

"ಇದು ನಮ್ ಹುಡುಗಿ ಅನ್ನ ಕಣ್ರೇ. ಪೂಜೆ ಆಗೈತೆ. ಇನ್ಮ್ಯಾಗೆ ಯಾವಳಾದ್ರೂ ಬಟ್ಟೆ ಹಾಕಿ ನೋಡ್ಲಿ," ಎಂದರು.

ಯಾರೂ ಹಾಕಲಿಲ್ಲ. ನಾನು ಬೈದು, ಬೇಡಿ, ಬಿಡಿಸಿ ಹೇಳಿ ಮಾಡಲಾಗದ್ದು ಮೂರು ಗೆರೆ ವಿಭೂತಿಗೆ ಆಯಿತು. 'ನಮ್ ಹುಡುಗಿ' ಎಂದರಲ್ಲ, ಬಾಡಿಗೆಯವಳು ಎನ್ನಲಿಲ್ಲವಲ್ಲ ಎಂದು ನನಗೆ ಅವತ್ತೆಲ್ಲ ಕಣ್ಣು ತುಂಬಿ ಬರುತ್ತಿತ್ತು.

ನಾವು ಆ ಮನೆಯಲ್ಲಿ ಇದ್ದಷ್ಟು ವರ್ಷವೂ ಪ್ರೆಸ್ಸಿನ ಕೆಲಸ ನನ್ನ ಕೈಯಲ್ಲೇ ಇತ್ತು. ಕೇಬಲ್‌ನವನು ಆಗಾಗ ಡಬ್ಬಿ ನೋಡಲು ಬರುತ್ತಿದ್ದ. ಮೆಟ್ಟಿಲ ಬುಡದಲ್ಲೇ ಅಜ್ಜಿ ಅವನನ್ನು ತಡೆಯುತ್ತಿದ್ದರು.

"ಚಪ್ಪಲಿ ಬಿಟ್ಟು ಹತ್ತಪ್ಪ."